ಸೆನಿಹಾ ಒಪ್ಪದ ಹೊಗಳಿಕೆ

ತುರ್ಕಿಯ ಬಾರ್ತಿನ್ ಊರಿನಲ್ಲಿ ಮದುವೆ ಗೊತ್ತಾದರೆ ಹೆಣ್ಣಿನ ಕಡೆಯವರು ಮೊದಲು ಹತ್ತುತ್ತಿದ್ದುದು ಸೆನಿಹಾಳ ಮನೆಯ ಮರದ ಮೆಟ್ಟಿಲು. ಹುಡುಗಿ ಗಂಡನ ಮನೆಗೆ ಒಯ್ಯುವ ಪೆಟ್ಟಿಗೆಯಲ್ಲಿ ಸೆನಿಹಾ ಕಸೂತಿ ಹಾಕಿದ ಒಂದು ಟವೆಲೋ ಮೇಜಿನ ಹಾಸೋ ಇಲ್ಲದಿದ್ದರೆ ಬೀಗರೆದುರು ತಲೆಯೆತ್ತುವುದು ಹೇಗೆ? ಗಂಡ ಸಮುದ್ರದ ಪಾಲಾದ ಮೇಲೆ ಆ ಸೂಜಿಯನ್ನೇ ನಂಬಿ ಅವಳು ಮಗಳು ನೆರ್ಮಿನ್‌ಳನ್ನು ಬೆಳೆಸಿದಳು, ಯಾರ ಮುಂದೆಯೂ ಕೈಚಾಚಲಿಲ್ಲ. ಸೆನಿಹಾಗೆ ಸ್ವಲ್ಪ ಜಂಬ ಎಂದು ಊರು ಆಡಿಕೊಳ್ಳುತ್ತಿತ್ತು. ಸ್ವಲ್ಪವೇನು, ಧಾರಾಳವಾಗಿಯೇ ಇತ್ತು. ಅಂಥ ಕೈಯಿದ್ದವಳಿಗೆ ಇಲ್ಲದ ಜಂಬ ಇನ್ಯಾರಿಗಿರಬೇಕು? ಬೇರೆಯವರ ಕೆಲಸ ನೋಡಿ ಅವಳ ಬಾಯಿಂದ ಬರುತ್ತಿದ್ದ ದೊಡ್ಡ ಹೊಗಳಿಕೆಯೆಂದರೆ ‘ಪರವಾಗಿಲ್ಲ’.

ಈಗ ನೆರ್ಮಿನ್‌ಳದೇ ಮದುವೆ. ವಾರ ಮುಂಚೆ ಹುಡುಗಿಯ ಮನೆಯಲ್ಲಿ ಹಗ್ಗ ಕಟ್ಟಿ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ತೂಗುಹಾಕುತ್ತಾರೆ, ಗಂಡಿನ ಕಡೆಯ ಹೆಂಗಸರು ಬಂದು ನೋಡುತ್ತಾರೆ. ಕಣ್ಣಿಗೆ ಬೀಳುವ ಹಾಗೆ ನಡುವೆ ತೂಗುವ ಟವೆಲುಗಳನ್ನು ಮದುಮಗಳೇ ಕೈಯಾರೆ ಹೊಲಿದಿರಬೇಕು. ತಾಯಿ ಹೊಲಿದುಕೊಟ್ಟಳೆಂದು ಹೆಸರು ಬಂದರೆ ಮುಗಿಯಿತು, ಮೊಮ್ಮಕ್ಕಳಾದರೂ ಅವಳು ಗಂಡನ ಮನೆಯಲ್ಲಿ ಸೋಮಾರಿ ಸೊಸೆಯೇ.

ಗಂಡಿನ ಸೋದರತ್ತೆ ಫಿತ್ನತ್ ಒಳಗೆ ಬಂದವಳೇ, ಚಹಾ ಕೂಡ ಮುಟ್ಟದೆ ನಡುವಿನ ಟವೆಲಿಗೆ ಕೈಹಾಕಿದಳು. ಲಿನನ್ ಬಟ್ಟೆಯ ಅಂಚಿನಲ್ಲಿ ಬೆಳ್ಳಿಯೆಳೆಯ ದಾಳಿಂಬೆ ಹೂ. ಎಲ್ಲರಂತೆ ಅವಳೂ ಮೊದಲು ತಿರುಗಿಸಿ ಹಿಂಬದಿ ನೋಡಿದಳು. ಗಂಟಿಲ್ಲ, ಬಿಟ್ಟ ಎಳೆಯಿಲ್ಲ. ಎಳೆಯೆಣಿಸಿ ಹಾಕಿದ ಹೊಲಿಗೆ ಎರಡೂ ಕಡೆ ಒಂದೇ ತೆರ, ಯಾವುದು ಮುಂದು ಯಾವುದು ಹಿಂದು ಎಂದು ಹೇಳಲಾಗದ ಹಾಗೆ ಕೂತಿತ್ತು. ಫಿತ್ನತ್ ನಕ್ಕಳು.

“ಇದ್ಯಾರ ಕೈ ಅಂತ ಬಾರ್ತಿನ್‌ನಲ್ಲಿ ಕುರುಡರೂ ಹೇಳ್ತಾರೆ. ನಿನ್ನ ಕೈ ಚೆನ್ನಾಗಿರ್ಲಿ, ಸೆನಿಹಾ. ಮಗಳಿಗೆ ಸೂಜಿ ಮುಟ್ಟೋ ಕಷ್ಟಾನೂ ಕೊಡ್ಲಿಲ್ಲ ನೋಡು.”

ಉಳಿದವರೂ ಮುಸಿಮುಸಿ ನಗುತ್ತ, “ಕೈ ಚೆನ್ನಾಗಿರ್ಲಿ ಅಕ್ಕ” ಎಂದರು. ಚಹಾದ ತಟ್ಟೆ ಹಿಡಿದು ನಿಂತಿದ್ದ ನೆರ್ಮಿನ್‌ಳ ಮುಖ ಸಣ್ಣಗಾಯಿತು.

ಕೈಗೆ ಹರಸಿದವರಿಗೆ ‘ನೀವೂ ಚೆನ್ನಾಗಿರಿ’ ಎಂದು ಒಡನೆ ಮರುನುಡಿಯಬೇಕು, ಸುಮ್ಮನಿದ್ದರೆ ಮುಖಕ್ಕೆ ಹೊಡೆದ ಹಾಗೆ. ಸೆನಿಹಾ ಸುಮ್ಮನೇ ಕೂತಿದ್ದಳು. ಎರಡು ಚಳಿಗಾಲದಿಂದ ಅವಳ ಕಣ್ಣಿಗೆ ಪೊರೆ ಬಂದಿತ್ತು. ಆಗಿನಿಂದ ಮನೆಗೆ ಬಂದ ಕೆಲಸವನ್ನೆಲ್ಲ ನೆರ್ಮಿನ್ ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು, ಹೆಸರು ಮಾತ್ರ ತಾಯಿಯದು. ಇದು ಅವರಿಬ್ಬರನ್ನು ಬಿಟ್ಟು ಹೊರಗಿನವರಿಗೆ ಗೊತ್ತಿರಲಿಲ್ಲ. ಈಗ ಬಾಯಿಬಿಟ್ಟರೆ ಒಂದು ಜನ್ಮದ ಹೆಸರು ಹೋಗುತ್ತದೆ. ಬಿಡದಿದ್ದರೆ ಮಗಳ ಹೆಸರು. ನೆರ್ಮಿನ್ ಅವಳ ಹತ್ತಿರ ಬಂದು ಬಗ್ಗಿ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಮಗಳು ಬೇಡವೆಂದದ್ದೇ ಸೆನಿಹಾಳ ಮನಸ್ಸನ್ನು ಗಟ್ಟಿ ಮಾಡಿತು.

“ಫಿತ್ನತ್ ಅಕ್ಕ, ಯಾವಾಗಲೂ ತಲೆವಸ್ತ್ರಕ್ಕೆ ಚುಚ್ಚಿಕೊಂಡಿರ್ತೀರಲ್ಲ, ಆ ಸೂಜಿ ಕೊಡಿ. ಒಂದೆಳೆ ದಾರಾನೂ ಬೇಕು.”

“ಯಾಕೆ, ಇಲ್ಲೇ ಹೊಲಿದು ತೋರಿಸ್ತೀಯಾ?”

“ಕೊಡಿ, ಹೇಳ್ತೀನಿ.”

ಕಿಟಕಿಯ ಬೆಳಕಿಗೆ ಮುಖಮಾಡಿ ಅವಳು ದಾರದ ತುದಿಯನ್ನು ತುಟಿಗೆ ಒತ್ತಿ ಸೂಜಿಗೆ ಹಿಡಿದಳು. ದಾರ ಸೂಜಿಯ ಪಕ್ಕದಲ್ಲಿ ಹೋಯಿತು. ಮತ್ತೆ ಹಿಡಿದಳು, ಮತ್ತೆ ಪಕ್ಕದಲ್ಲೇ ಹೋಯಿತು. ನೆರ್ಮಿನ್ ತಡೆಯಲಾರದೆ ಕೈ ಮುಂದೆ ಮಾಡಿದಳು. ಸೆನಿಹಾ ಅವಳನ್ನು ಮೊಣಕೈಯಿಂದ ದೂರ ಸರಿಸಿದಳು, ನೋಡಲಿ, ಎಲ್ಲರೂ ಚೆನ್ನಾಗಿ ನೋಡಲಿ ಎಂದು.

“ನೋಡಿದ್ರಾ? ಸೂಜೀಕಣ್ಣೇ ಕಾಣದವಳು ಆ ಲಿನನ್‌ನಲ್ಲಿ ಎಳೆ ಎಣಿಸ್ತೀನಾ? ಅಲ್ಲಿ ತೂಗಾಡ್ತಿರೋದೆಲ್ಲ ನನ್ನ ಮಗಳು ಹೊಲಿದದ್ದು. ನಿಮ್ಮ ಹಾರೈಕೆ ನನ್ನ ಲೆಕ್ಕಕ್ಕೆ ಬರೋದಲ್ಲ, ಅದಕ್ಕೇ ಮಾತಾಡ್ಲಿಲ್ಲ.”

ಫಿತ್ನತ್ ಟವೆಲನ್ನು ಇನ್ನೊಮ್ಮೆ ತಿರುಗಿಸಿದಳು. “ನಂಬೋದು ಹೇಗೆ? ಹೋದ ವರ್ಷ ನಮ್ಮ ಬೆಲ್ಕಿಸ್ ಮದುವೆಗೆ ನೀನು ಮಾಡಿಕೊಟ್ಟೆಯಲ್ಲ ಮೇಜಿನ ಹಾಸು, ಅದೇ ಕೈ ಇದು. ಅಚ್ಚು ಅದೇ.”

“ಹೌದು, ಅದೇ ಕೈ. ನೀವು ಊರೆಲ್ಲ ಹೊತ್ತು ತೋರಿಸಿದ್ರಲ್ಲ ಸೆನಿಹಾಳ ಕೆಲಸ ಅಂತ, ಅದನ್ನ ಹೊಲಿದವಳೂ ಇವಳೇ. ಸುಳ್ಳು ನಂದು, ಬೈಯೋದಾದ್ರೆ ನನ್ನ ಬೈಯಿರಿ. ಆದ್ರೆ ಒಂದು ಮಾತು ಕೇಳಿಸ್ಕೊಳ್ಳಿ. ಕಣ್ಣು ಸರಿಯಿದ್ದಾಗಲೂ ನಾನು ಇಷ್ಟು ಚೆನ್ನಾಗಿ ಮಾಡಿದವಳಲ್ಲ. ನೆರ್ಮಿನ್ ನನಗಿಂತ ಒಂದು ಕೈ ಮೇಲು.”

ಬೇರೆಯವರ ಕೆಲಸವನ್ನು ಸೆನಿಹಾ ಹೊಗಳಿದ್ದನ್ನು ಆ ಕೋಣೆಯಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲ. ನೆರ್ಮಿನ್ ಕೂಡ ಕೇಳಿರಲಿಲ್ಲ. ಅವಳು ತಟ್ಟೆ ಕೆಳಗಿಟ್ಟು ಅಳತೊಡಗಿದಳು.

ಫಿತ್ನತ್ ಗಡಸು ಹೆಂಗಸು, ಆದರೆ ಒಳ್ಳೆಯ ಹೊಲಿಗೆಗೆ ಮೋಸ ಮಾಡುವವಳಲ್ಲ. ಬೆಪ್ಪಾದದ್ದಕ್ಕೆ ತಾನೇ ಒಮ್ಮೆ ನಕ್ಕು, ಎದ್ದು ಹೋಗಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

“ನಿನ್ನ ಕೈ ಚೆನ್ನಾಗಿರ್ಲಿ, ಮಗಳೇ.”

ನೆರ್ಮಿನ್ ಬಿಕ್ಕುತ್ತಲೇ ಇದ್ದಳು.

“ಬಾಯಿಬಿಡೇ, ನಿನ್ನ ಅತ್ತೆ ಕಾಯ್ತಿದ್ದಾರೆ,” ಸೆನಿಹಾ ಗದರಿಸಿದಳು.

“ನೀವೂ ಚೆನ್ನಾಗಿರಿ, ಅತ್ತೆ.”

ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದರು. ಸೆನಿಹಾಳ ಮುಂದಿನಿಂದಲೇ, ಅವಳ ಹತ್ತಿರ ನಿಲ್ಲದೆ ಹಾದು, ನೆರ್ಮಿನ್‌ಳ ಕೈ ಹಿಡಿದು ಹರಸಿದರು. ಹೊಗಳಿಕೆ ಹೀಗೆ ತನ್ನನ್ನು ದಾಟಿ ಹೋಗುತ್ತಿರುವಾಗ ಸೆನಿಹಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅಷ್ಟು ಜಂಬದಿಂದ ಅವಳು ತನ್ನ ಸ್ವಂತ ಕೆಲಸದ ಮುಂದೆಯೂ ಕೂತವಳಲ್ಲ.