ತೆಳು ಬಣ್ಣದಲ್ಲಿ ಬರೆದ ದೇಶಗಳು

ಹುಮನಾಬಾದಿನ ಕಾಲೇಜಿನಲ್ಲಿ, ಅರ್ಥಶಾಸ್ತ್ರದ ಕೋಣೆಯ ಗೋಡೆಯ ಮೇಲೆ ನಾನು ದೇಶದ ಸಾಲದ ರೇಖಾನಕ್ಷೆಯೊಂದನ್ನು ಬರೆಸಿದ್ದೆ. ಗೋಡೆ ಕಪ್ಪಾಗಿತ್ತು ಎಂದು ನನ್ನ ನೆನಪು. ಹಸಿರಾಗಿತ್ತು ಎನ್ನುತ್ತಾರೆ ಅಲ್ಲಿ ನನ್ನೊಂದಿಗೆ ಪಾಠ ಮಾಡಿದವರು. ಆ ವರ್ಷಗಳ ನನ್ನ ದಿನಚರಿಯಲ್ಲಿ ಬಸ್ಸು ಎಷ್ಟು ತಡವಾಗಿ ಬಂತು ಎಂಬುದಿದೆ, ಗೋಡೆಯ ಬಣ್ಣ ಮಾತ್ರ ಇಲ್ಲ. ಹೀಗಾಗಿ, ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಹೇಳುತ್ತ ಹೋಗುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ ಅರೆಕಾಲಿಕ ಉಪನ್ಯಾಸಕನಾಗಿ ಸೇರಿದ್ದೆ. ಬಸವಕಲ್ಯಾಣದ ಮನೆಯಿಂದ ದಿನಾಲೂ ಬಸ್ಸು. ದಾರಿಯಲ್ಲಿ ರಾಜೇಶ್ವರದಲ್ಲಿ ವಿದ್ಯಾರ್ಥಿಗಳು ಹತ್ತಿದ ಮೇಲೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಅದೇ ವಿದ್ಯಾರ್ಥಿಗಳು ತರಗತಿಯಲ್ಲಿ 'ಭಾರತ ಸರಕಾರವು ವಿದೇಶಿ ಸರಕಾರಗಳಿಗೆ ಕೊಡಬೇಕಾದ ಸಾಲ' ಎಂಬ ಪಾಠವನ್ನು ಗೈಡಿನಿಂದ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಯಾರಿಗೆ ಕೊಡಬೇಕು ಎಂದು ಕೇಳಿದರೆ, "ಬ್ಯಾಂಕಿಗ್ರಿ ಸರ್" ಎನ್ನುತ್ತಿದ್ದರು. ಇವರಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕು ಎಂಬ ಹಟ ಹುಟ್ಟಿತು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಹಳೆಯ ವಾರ್ಷಿಕ ವರದಿಗಳಿಂದ ವರ್ಷವಾರು ಅಂಕಿಗಳನ್ನು ಬರೆದುಕೊಂಡು ಬಂದೆ.

ಬರೆಯಲು ಸಿಕ್ಕವರು ಹೆದ್ದಾರಿಯ ಗ್ಯಾರೇಜುಗಳ ಪಕ್ಕ ಲಾರಿಗಳಿಗೆ ಬಣ್ಣ ಹಚ್ಚುವ ಪೇಂಟರು. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು. ಗೋಡೆಯ ಎದುರು ನಿಂತು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಸರ್ಕಾರ ಸರ್ಕಾರಕ್ಕ ಸಾಲ ಕೊಡ್ತದೇನ್ರಿ ಸರ?"

"ಕೊಡ್ತದ. ಜಪಾನ್ ಕೊಟ್ಟದ, ಜರ್ಮನಿ ಕೊಟ್ಟದ. ಸಣ್ಣ ದೇಶ ಸ್ವೀಡನ್, ಅದೂ ಕೊಟ್ಟದ."

"ಯಾತಕ್ಕ?"

"ಕರೆಂಟಿಗೆ, ರೈಲಿಗೆ, ಗೊಬ್ಬರದ ಕಾರ್ಖಾನಿಗೆ. ಮದ್ಲ ಅಮೆರಿಕಾದಿಂದ ಗೋಧಿನೂ ತರಸ್ಕೊಂಡಿದ್ವಿ."

"ಆ ರೇಷನ್ನಿನ ಕೆಂಪು ಗೋಧಿ? ನಮ್ಮವ್ವ ಈಗೂ ಬೈತಾಳ್ರಿ ಅದಕ್ಕ. ಚಪಾತಿ ಮಾಡಿದ್ರ ಹರೀತಿತ್ತಂತ. ಅದರ ಸಾಲ ಇನ್ನಾ ತೀರಿಲ್ಲೇನು?"

ಆ ಕಥೆ ಉದ್ದ ಇದೆ ಎಂದು ಹೇಳಿ ತಪ್ಪಿಸಿಕೊಂಡೆ. ನನಗೇ ಪೂರ್ತಿ ಗೊತ್ತಿರಲಿಲ್ಲ.

ಎರಡು ದಿನಗಳಲ್ಲಿ ನಕ್ಷೆ ಮುಗಿಯಿತು. ಎಡದಿಂದ ಬಲಕ್ಕೆ ಏರುವ ಕೆಂಪು ಗೆರೆ. ಅದರ ಕೆಳಗೆ ಸಾಲ ಕೊಟ್ಟ ದೇಶಗಳ ಹೆಸರುಗಳ ಪಟ್ಟಿ. ಗೆರೆಯೂ ತಲೆಬರಹವೂ ಲಾರಿಯ ಹಿಂಬದಿಯಂತೆ ಮಿಂಚುತ್ತಿದ್ದವು. ಹೆಸರುಗಳು ಮಾತ್ರ ನೀರು ಬೆರೆಸಿದ ಮಜ್ಜಿಗೆಯಂತೆ ತೆಳ್ಳಗಿದ್ದವು. ನನಗೆ ಸಿಟ್ಟು ಬಂತು.

"ರೊಕ್ಕ ಪೂರಾ ಕೊಟ್ಟೇನಿ. ಬಣ್ಣ ಯಾಕ ಅರ್ಧಾ?"

"ಸಾಲ ಕೊಟ್ಟೋರ ಹೆಸರು ನಾ ಯಾವಾಗ್ಲೂ ಪಾತಳ ಬರೀತೀನ್ರಿ."

ತೆಳ್ಳಗೆ ಯಾಕೆ ಎಂದು ಆಮೇಲೆ ವಿವರಿಸಿದರು. ಸಾಲದಲ್ಲಿ ಕೊಂಡ ಲಾರಿಯ ಮೇಲೆ ಸಾಲ ಕೊಟ್ಟವರ ಹೆಸರನ್ನು ಬರೆಸಬೇಕು. ಕೊನೆಯ ಕಂತು ತೀರಿದ ದಿನ ಮಾಲೀಕ ಪೇಢೆ ತೆಗೆದುಕೊಂಡು ಇವರ ಬಳಿ ಬರುತ್ತಾನೆ. ಇವರು ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಆ ಹೆಸರನ್ನು ಒರೆಸಿ, ಅಲ್ಲೊಂದು ಹೂವು ಬರೆಯುತ್ತಾರೆ. ದಪ್ಪ ಬಣ್ಣದಲ್ಲಿ ಬರೆದಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ.

"ನಾಳಿ ಅಳಸೋನು ನಾನೇ ಅಲ್ರಿ? ದಪ್ಪ ಬರದ್ರ ನನ್ನ ಕೈನೇ ನೋಯ್ತದ."

"ಇದು ಲಾರಿ ಸಾಲ ಅಲ್ಲರಿ ಅಣ್ಣಾರ. ನಿಮ್ಮ ಜನ್ಮದಾಗ ಇದರಾಗಿಂದು ಒಂದು ಹೆಸರೂ ಅಳಸಾಂಗಿಲ್ಲ."

"ಇರ್ಲಿ ಬಿಡ್ರಿ. ಬಣ್ಣರ ಉಳೀತು."

ಅವರ ಮಾತುಗಳು ಇವೇ ಎಂದು ಆಣೆ ಮಾಡಲಾರೆ. ನನ್ನ ಮಾತು ಮಾತ್ರ ಇದೇ. ಹುಸಿಯಾದ ನನ್ನ ಭವಿಷ್ಯವಾಣಿಗಳು ನನಗೆ ಚೆನ್ನಾಗಿ ನೆನಪಿರುತ್ತವೆ.

ಮುಂದಿನ ಜೂನಿನಲ್ಲಿ ಪ್ರವೇಶದ ಅರ್ಜಿ ಕೊಡಲು ಅದೇ ಕೋಣೆಯಲ್ಲಿ ಮೇಜು ಹಾಕಿದರು. ಪಕ್ಕದ ಹುಡಗಿ ಊರಿನಿಂದ ಮಗನನ್ನು ಕರೆತಂದಿದ್ದ ರೈತರೊಬ್ಬರು ಗೋಡೆಯನ್ನು ಓದಿ, ಅರ್ಜಿ ತುಂಬದೆ ನೇರವಾಗಿ ಪ್ರಿನ್ಸಿಪಾಲರ ಬಳಿ ಹೋದರು.

"ಸಾಹೇಬ್ರ, ತಪ್ಪು ತಿಳಕೋಬ್ಯಾಡ್ರಿ. ಜಪಾನಿನ್ಯಾಗೂ ಸಾಲ ಮಾಡಿದ ಕಾಲೇಜು, ಇನ್ನಾ ಮೂರು ವರ್ಷ ನಡೀತದೇನ್ರಿ?"

ಪ್ರಿನ್ಸಿಪಾಲರು ನಗಲಿಲ್ಲ. ನನ್ನನ್ನು ಕರೆಸಿ, "ಮಾಸ್ತರ, ದೇಶದ ಮಾನ ಕಳದದ್ದಲ್ಲದ ಕಾಲೇಜಿಂದೂ ಕಳದ್ರಿ. ಸುಣ್ಣ ಹೊಡಸ್ತೀನಿ" ಎಂದರು. ಸುದ್ದಿ ಪೇಂಟರಿಗೆ ಹೇಗೆ ತಲುಪಿತೋ, ಮಧ್ಯಾಹ್ನ ಬಣ್ಣದ ಕೈಯಲ್ಲೇ ಬಂದು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತರು.

"ಇಪ್ಪತ್ತು ವರ್ಷ ಆತ್ರಿ ಲಾರಿಗಿ ಬಣ್ಣ ಹಚ್ಚಾಕತ್ತೇನಿ. ಎಲ್ಲಾ ಹೈದರಾಬಾದಿಗೆ, ಸೊಲ್ಲಾಪುರಕ್ಕ ಓಡಿಹೋಗ್ತಾವ. ನನ್ನ ಕೈ ಕೆಲಸ ಒಂದು ಕಡಿ ನಿಂತಿದ್ದು ಇದೊಂದೇ. ನನ್ನ ಮಗಳು ಮುಂದ ಇಲ್ಲೇ ಓದಾಕ ಬರ್ತಾಳ. ಅಕಿಗಿ ತೋರಸಾಕರ ಇರ್ಲಿ ಬಿಡ್ರಿ."

ಪ್ರಿನ್ಸಿಪಾಲರು ಅವರ ಬಣ್ಣದ ಕೈ ನೋಡಿ, "ತಪಾಸಣಾ ಸಮಿತಿ ಬರೋತನಕ ಇರ್ಲಿ. ಅವರು ಬರೋ ಮುಂದ ಮಾತ್ರ ಸುಣ್ಣ" ಎಂದರು. ಸಮಿತಿ ಬರಲು ವರ್ಷಗಳೇ ಹಿಡಿದವು. ಪ್ರತಿ ಬಜೆಟ್ಟಿನ ನಂತರ ನಾನು ಹೊಸ ಅಂಕಿ ತರುತ್ತಿದ್ದೆ, ಪೇಂಟರು ಬಂದು ಗೆರೆಯನ್ನು ನಾಲ್ಕು ಬೆರಳು ಮುಂದೆ ಎಳೆಯುತ್ತಿದ್ದರು. ಅದಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲ.

ಮಗಳು ಬಂದದ್ದು ಹೊಸ ಶತಮಾನದ ಹೊತ್ತಿಗೆ. ಮುಂದಿನ ಬೆಂಚು, ಎಣ್ಣೆ ಹಚ್ಚಿ ಬಿಗಿದ ಜಡೆ, ಮಾತು ಕಡಿಮೆ. ಎರಡನೇ ವರ್ಷದಲ್ಲಿ ಒಂದು ದಿನ ಎದ್ದು ನಿಂತಳು.

"ಸರ್, ನಮ್ಮ ಸೋದರಮಾವ ಶಾರ್ಜಾದಾಗ ಇದ್ದಾನ್ರಿ. ಮದ್ಲ ಕಳಸಿದಷ್ಟೇ ಈಗೂ ಕಳಸ್ತಾನ. ಆದ್ರ ಇಲ್ಲಿ ರೂಪಾಯಿ ಜಾಸ್ತಿ ಬರ್ತಾವ. ಹಂಗಂದ್ರ ಈ ಗೆರಿನೂ, ಹೊಸ ಸಾಲ ಮಾಡದಿದ್ರೂ ಏರ್ತದಲ್ರಿ?"

ನಾನು ಅಂಕಿಗಳನ್ನೆಲ್ಲ ರೂಪಾಯಿಯಲ್ಲಿ ತಂದಿದ್ದೆ. ರೂಪಾಯಿ ಬೆಲೆ ಕಳೆದುಕೊಂಡಷ್ಟೂ ಹಳೆಯ ಸಾಲವೇ ಗೋಡೆಯ ಮೇಲೆ ಉಬ್ಬುತ್ತಿತ್ತು. ಎಲ್ಲವನ್ನೂ ಅನುಮಾನಿಸುತ್ತೇನೆ ಎಂದು ಬೀಗುತ್ತಿದ್ದ ನಾನು ನನ್ನ ಗೋಡೆಯನ್ನೇ ಅನುಮಾನಿಸಿರಲಿಲ್ಲ. ನಾಚಿಕೆಯಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಒಬ್ಬನೇ ನಗುತ್ತಿದ್ದೆ. ನನ್ನ ತಪ್ಪು ಹಿಡಿಯುವ ವಿದ್ಯಾರ್ಥಿನಿ ನನಗೆ ಸಿಕ್ಕಿದ್ದಳು.

ಡಾಲರಿನಲ್ಲಿ ಲೆಕ್ಕ ಹಾಕಿ ಎರಡನೇ ಗೆರೆಯನ್ನು ಹಳದಿಯಲ್ಲಿ ಎಳೆಸಿದೆ. ಕೆಂಪು ಏರುತ್ತಿದ್ದ ವರ್ಷಗಳಲ್ಲಿ ಹಳದಿ ಹೆಚ್ಚುಕಡಿಮೆ ಮಲಗಿತ್ತು. ಗೆರೆ ಎಳೆಯುತ್ತಲೇ ಪೇಂಟರು ಕೇಳಿದರು, "ಸರ, ತಪ್ಪು ಹಿಡದಾಕಿ ಯಾರು?" ಅವರಿಗೆ ಉತ್ತರ ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೇ.

ಸಮಿತಿ ಬರುವ ವಾರ ಸುಣ್ಣದವರು ಬಕೆಟ್ಟು ತಂದು ಕೋಣೆಯಲ್ಲಿಟ್ಟರು. ಪ್ರಿನ್ಸಿಪಾಲರು ನೋಡಲು ಬಂದಾಗ ಆ ಹುಡುಗಿ ಗೋಡೆಯ ಮುಂದೆ ನಿಂತಿದ್ದಳು. ಎರಡು ಗೆರೆ ಯಾಕೆ, ಯಾವುದನ್ನು ನೋಡಿ ಹೆದರಬೇಕು, ಯಾವುದನ್ನು ನೋಡಿ ಹೆದರಬಾರದು ಎಂದು ಅವರು ಕೇಳುವ ಮೊದಲೇ ಹೇಳತೊಡಗಿದಳು. ಪ್ರಿನ್ಸಿಪಾಲರು ಪೂರ್ತಿ ಕೇಳಿಸಿಕೊಂಡರು.

"ಇದೇ ಮಾತು ಸಮಿತಿ ಮುಂದ ಹೇಳ್ತಿಯೇನವಾ?"

"ಗ್ವಾಡಿ ಇದ್ರ ಹೇಳ್ತೀನ್ರಿ ಸರ್."

ಬಕೆಟ್ಟು ಪಕ್ಕದ ಕೋಣೆಗೆ ಹೋಯಿತು. ಸಮಿತಿಯ ಹಿರಿಯರು ಅವಳ ಮಾತು ಕೇಳಿ, ಇದನ್ನು ಕಲಿಸಿದವರು ಯಾರು ಎಂದರು. "ಪಾಠ ಸರ್ ಕಲಿಸಿದ್ರು. ತಪ್ಪು ನಾ ಹುಡುಕಿದೆ" ಎಂದಳು. ಮುಂದೆ ಸುಣ್ಣದ ಮಾತು ಸ್ವಲ್ಪ ಕಾಲ ಯಾರೂ ಎತ್ತಲಿಲ್ಲ. ಆದರೆ ಉಳಿಸುತ್ತೇನೆಂದು ಪ್ರಿನ್ಸಿಪಾಲರು ಬಾಯಿಬಿಟ್ಟು ಹೇಳಿರಲೂ ಇಲ್ಲ.

ಅವಳು ಕೊನೆಯ ವರ್ಷದಲ್ಲಿದ್ದಾಗ, ಎರಡು ಸಾವಿರದ ಮೂರರ ಬಜೆಟ್ಟಿನಲ್ಲಿ, ಸರಕಾರ ನಾಲ್ಕಾರು ದೊಡ್ಡ ದೇಶಗಳನ್ನು ಬಿಟ್ಟು ಉಳಿದ ಸರಕಾರಗಳ ಸಾಲವನ್ನು ಗಡುವಿಗೆ ಮೊದಲೇ ತೀರಿಸುವುದಾಗಿ ಹೇಳಿತು. ಸುದ್ದಿಯನ್ನು ನಾನು ನಂಬಲಿಲ್ಲ. ಸಾಲ ನಿಜವಾಗಿ ಸಂದಾಯವಾದ ವರದಿಗಳನ್ನು ಓದಿದ ಮೇಲೆಯೇ ಹೆದ್ದಾರಿಗೆ ಹೋದೆ.

"ಅಣ್ಣಾರ, ಬಟ್ಟಿ ತಗೊಂಡು ಬರ್ರಿ."

ಅವರು ಟರ್ಪೆಂಟೈನನ್ನೂ ಎತ್ತಿಕೊಂಡು ಬಂದರು. ಕೋಣೆ ತುಂಬ ವಿದ್ಯಾರ್ಥಿಗಳಿದ್ದರು. ಪರೀಕ್ಷೆ ಮುಗಿಸಿದ್ದ ಮಗಳೂ ಬಂದಿದ್ದಳು. ಅವಳು ಹೆಸರು ಓದುತ್ತಿದ್ದಳು, ಅಪ್ಪ ಒರೆಸುತ್ತಿದ್ದರು. ಸ್ವೀಡನ್. ಡೆನ್ಮಾರ್ಕ್. ಬೆಲ್ಜಿಯಂ. ಏಳು ವರ್ಷದ ಬಣ್ಣ, ಎರಡೇ ಉಜ್ಜಿಗೆ ಬಟ್ಟೆಗೆ ಬಂತು. ಪ್ರತಿ ಜಾಗದಲ್ಲೂ ಲಾರಿಯ ಮೇಲೆ ಬರೆಯುವಂಥದೇ ಒಂದು ಗುಲಾಬಿ ಮೂಡಿತು. ಜಪಾನ್ ಉಳಿಯಿತು, ಜರ್ಮನಿ ಉಳಿಯಿತು. ಹಳದಿ ಗೆರೆ ಒಂದಿಷ್ಟೇ ಇಳಿಯಿತು, ನೆಲಕ್ಕೇನೂ ಬರಲಿಲ್ಲ. ಇದನ್ನು ನಾನು ಅಂದೇ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿದೆ. ಹೇಳುವಾಗ ಗೆರೆ ಬಿಟ್ಟು ಗುಲಾಬಿಗಳನ್ನೇ ನೋಡುತ್ತಿದ್ದೆ ಎಂದು ಅವಳು ಆಮೇಲೆ ಛೇಡಿಸಿದಳು. ನನಗೆ ಅದು ನೆನಪಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಿನ್ಸಿಪಾಲರು ಪೇಢೆಯ ಪೊಟ್ಟಣ ತರಿಸಿದ್ದರು. ಮೊದಲ ಪೇಢೆಯನ್ನು ಪೇಂಟರಿಗೆ ಕೊಟ್ಟು, "ಈ ಗ್ವಾಡಿಗೆ ಇನ್ನ ಸುಣ್ಣ ಇಲ್ಲ. ಕೆಳಗ ನಿಮ್ಮ ಹೆಸರು ಬರದುಬಿಡ್ರಿ" ಎಂದರು.

ಪೇಂಟರು ಲಾರಿಗಳ ಮೇಲೆ ಎಂದೂ ತಮ್ಮ ಹೆಸರು ಬರೆದವರಲ್ಲ. ಮಗಳ ಮುಖ ನೋಡಿದರು. ಕುಂಚ ಎತ್ತಿಕೊಂಡು, ಅಭ್ಯಾಸಬಲದಿಂದ, ಬಣ್ಣ ತೆಳುಮಾಡಲು, ಟರ್ಪೆಂಟೈನಿನ ಡಬ್ಬಿಯ ಕಡೆ ಕೈ ಚಾಚಿದರು. ಮಗಳು ಡಬ್ಬಿಯನ್ನು ಆಚೆ ಸರಿಸಿದಳು. "ಪಾತಳ ಬ್ಯಾಡಪ್ಪಾ."

ಅವರು ಏನನ್ನೂ ಬೆರೆಸದೆ ಬರೆದರು. ಸಹಿ ಗೋಡೆಯ ಬಲಗಡೆ ಇತ್ತೋ ಎಡಗಡೆಯೋ, ನೆನಪು ಕೈಕೊಡುತ್ತದೆ. ಬಣ್ಣ ದಪ್ಪಗಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಸಂಜೆ ಹೊರಡುವ ಮುನ್ನ ಒಂದು ಅಕ್ಷರ ಮುಟ್ಟಿ ನೋಡಿದ್ದೆ. ಬಸವಕಲ್ಯಾಣದಲ್ಲಿ ಬಸ್ಸಿಳಿದಾಗಲೂ ಬೆರಳು ಕೆಂಪಗೇ ಇತ್ತು.