ವೈರಸ್ಸಿನ ಪಾಠಕ್ಕೆ ಗೌರವ್ವನ ಒಲೆ

ಶಿರಸಿಯ ಅಂಗಡಿಯಲ್ಲಿ ರಾಗಿಹಿಟ್ಟು ಕೇಳಿದರೆ, "ಯಾರಿಗೆ ಆರಾಮಿಲ್ಲೆ, ಅಕ್ಕೋರೇ?" ಎನ್ನುತ್ತಾರೆ! ಅಕ್ಕೋರು ಎಂದರೆ ಇಲ್ಲಿ ಟೀಚರಮ್ಮ. ನಮ್ಮ ಕೋಲಾರದಲ್ಲಿ ಮುದ್ದೆಯೇ ಊಟ. ಇವರಿಗೆ ರಾಗಿ ಎಂದರೆ ಕಾಯಿಲೆಯವರ ಗಂಜಿ. ಅರವತ್ತೆಂಟನೇ ಇಸವಿಯಲ್ಲಿ ಇಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಬಂದ ಮೊದಲ ವಾರವೇ ಹೀಗೆ ಬೆಪ್ಪಾದೆ.

ಒಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರೂ ಹಿಂಜರಿದರು. ಕೊಟ್ಟವರು ಬನವಾಸಿ ಕಡೆಯ ಗೌರವ್ವ. "ಬರ್ರಿ, ಒಳಗ ಬರ್ರಿ, ಒಂದು ಖೋಲಿ ಖಾಲಿ ಐತಿ" ಎಂದರು. ಖೋಲಿ ಎಂದರೆ ಕೋಣೆ. ನಾನೋ ಮೊದಲೇ ಬಿಗುಮಾನದವಳು. ಯಾರ ಹಂಗೂ ಬೇಡವೆಂದು ನನ್ನ ಸೀಮೆಎಣ್ಣೆ ಸ್ಟೌವಿನ ಮೇಲೆ ಪುಟ್ಟ ಪಾತ್ರೆಯಿಟ್ಟು, ಚಮಚದಲ್ಲಿ ಮುದ್ದೆ ತಿರುವಿದೆ. ಬರೀ ಗಂಟು. ಗೌರವ್ವ ನಕ್ಕು, ತಮ್ಮ ಒಲೆ ಹೊತ್ತಿಸಿ ದೊಡ್ಡ ತಪ್ಪಲೆಯಿಟ್ಟರು. ಮುದ್ದೆಕೋಲು ಇಲ್ಲಿ ಎಲ್ಲಿಂದ ಬರಬೇಕು? ಮಜ್ಜಿಗೆಯ ಕಡೆಗೋಲನ್ನೇ ತಲೆಕೆಳಗು ಮಾಡಿ ನನ್ನ ಕೈಗಿಟ್ಟು, ತಪ್ಪಲೆಯನ್ನು ತಾವು ಅದುಮಿ ಹಿಡಿದರು. ಅಂದು ಹೊಟ್ಟೆ ತುಂಬ ಉಂಡೆ.

ವರ್ಷದ ಕೊನೆಗೆ ಪ್ರಿನ್ಸಿಪಾಲರು ನನ್ನ ತರಗತಿಯಲ್ಲಿ ಬಂದು ಕೂತರು. ನನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅಂದೇ ತೀರ್ಮಾನ. ಬ್ಯಾಕ್ಟೀರಿಯಾದೊಳಗೆ ಹೊಕ್ಕ ವೈರಸ್ಸು ತನ್ನ ಆರ್‌ಎನ್‌ಎಯನ್ನು ನಕಲು ಮಾಡುವ ಪಾಠ. ಉಮ್ಮಚಗಿಯ ಹುಡುಗಿಯೊಬ್ಬಳು ಎದ್ದಳು. "ಅಷ್ಟು ಸಣ್ಣದು ಇಷ್ಟೆಲ್ಲ ತಾನೊಂದೇ ಹ್ಯಾಂಗೆ ಮಾಡ್ತು, ಅಕ್ಕೋರೇ?"

ಟಿಪ್ಪಣಿ ಮಡಚಿಟ್ಟು ಮುದ್ದೆಯ ಕಥೆ ಹೇಳಿಬಿಟ್ಟೆ.

"ಮಾಡುವ ವಿಧಾನ ನನ್ನದು, ತಿರುವಿದ ಕೈ ನನ್ನದು. ಒಲೆ, ತಪ್ಪಲೆ, ಕೋಲು, ಅದುಮಿ ಹಿಡಿದ ಕೈ ಮನೆಯೊಡತಿಯವು. ವೈರಸ್ಸಿಗೂ ನಕಲು ಮಾಡುವ ಪ್ರೋಟೀನು ತನ್ನದೊಂದಿದೆ. ಆದರೆ ಅದನ್ನು ಚೊಕ್ಕಟವಾಗಿ ಬೇರ್ಪಡಿಸಿ ಗಾಜಿನ ನಳಿಕೆಗೆ ಹಾಕಿದರೆ ಕೆಲಸ ಸಾಗುವುದಿಲ್ಲ. ಬ್ಯಾಕ್ಟೀರಿಯಾದ ಪ್ರೋಟೀನು ಬೆರೆಸಿದರಷ್ಟೇ ಸಾಗುತ್ತದೆಂದು ಈಚೆಗೆ ಕಂಡುಕೊಂಡಿದ್ದಾರೆ."

ಹುಡುಗಿ ನಕ್ಕು ಕೂತಳು. ಪ್ರಿನ್ಸಿಪಾಲರೂ ನಕ್ಕರು. ಕೆಲಸ ಉಳಿಯಿತು.

ಮನೆಗೆ ಬಂದು ಗೌರವ್ವನಿಗೆ ಎಲ್ಲ ಹೇಳಿದೆ. "ಅಂದ್ರ ನೀವು ರೋಗ, ನಾ ರೋಗಿ ಏನ್ರಿ?" ಎಂದು ಸೊಂಟದ ಮೇಲೆ ಕೈಯಿಟ್ಟರು. ಮರುಗಳಿಗೆಯಲ್ಲೇ, "ಇರ್ಲಿ ಬಿಡ್ರಿ, ಇನ್ನೊಂದ್ ವರ್ಷ ಕಾಡ್ರಿ" ಎಂದರು. ನನಗೆ ಕಣ್ಣು ತುಂಬಿ ಬಂತು. ಆ ತಾಯಿ ಇಲ್ಲದಿದ್ದರೆ ನಾನು ಈ ಊರಲ್ಲಿ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ.

ಆಮೇಲೆ ಕೋಲಾರಕ್ಕೆ, ಅಮ್ಮನಿಗೆ ಕಾಗದ ಬರೆಯಲು ಕೂತೆ. ಕೆಲಸ ಉಳಿದ ಸಂತೋಷ ಎರಡು ಸಾಲಿಗೆ ಮುಗಿಯಿತು. ಈ ವರ್ಷವೂ ನಾನು ವಾಪಸು ಬರುವುದಿಲ್ಲ ಎಂದು ಬರೆಯುವಷ್ಟರಲ್ಲಿ ಸಂಜೆಯಾಯಿತು.