ತೇಜಿ ಕೊಂಡ ದಡ್ಡ

ಹೊಸಪೇಟೆಯಲ್ಲಿ ನನ್ನಷ್ಟು ಜನರನ್ನು ಮಂಗ ಮಾಡಿದವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಬೇಕಾದವರೆಲ್ಲ ನನ್ನ ಮೇಲೆ ಸಿಟ್ಟಾಗಿರುವುದರಿಂದ ಬೇರೆ ದಾರಿಯಿಲ್ಲ. ಹಂಪಿಯ ಹೊಳೆ ದಡದಲ್ಲಿ ‘ಈ ದಿನ ಬೋಳುತಲೆಯವರಿಗೆ ಹರಿಗೋಲು ಪುಕ್ಕಟೆ’ ಎಂದು ಹಲಗೆ ತೂಗಿಹಾಕಿ, ದೊಡ್ಡ ದೊಡ್ಡ ಮನುಷ್ಯರು ಟೋಪಿ, ರುಮಾಲು ಬಿಚ್ಚಿ ಸಾಲಾಗಿ ನಿಂತದ್ದನ್ನು ಬಂಡೆಯ ಮೇಲೆ ಕೂತು ನೋಡಿದವನು ನಾನು. ಹರಿಗೋಲಿನವನು ಹುಟ್ಟು ಎತ್ತಿಕೊಂಡು ನನ್ನನ್ನು ಅಟ್ಟಿಸಿಕೊಂಡು ಬಂದ ಭಾಗ ಇಲ್ಲಿ ಅನಗತ್ಯ.

ಅಂಥ ನನ್ನದೇ ಒಂದು ತಮಾಷೆ ನನ್ನ ಕೈ ಮೀರಿ ಹೋದದ್ದು ಎಂಬತ್ತರ ದಶಕದಲ್ಲಿ.

ಆಗ ಕಂಪ್ಲಿ ರಸ್ತೆಯಲ್ಲಿ ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಹೊಳೆಯ ನೀರೆತ್ತುವ ಪಂಪುಗಳು ಒಂದರ ಹಿಂದೊಂದು ಸುಟ್ಟುಕೊಂಡು ನನ್ನ ಅಂಗಡಿಗೆ ಬರುತ್ತಿದ್ದವು. ಕಾಲುವೆ ಬಂದ ಮೇಲೆ ಊರಿನ ಕೈಯಲ್ಲಿ ದುಡ್ಡು ಆಡುತ್ತಿತ್ತು. ಕಬ್ಬು, ಬಾಳೆ, ಭತ್ತ ಬೆಳೆದವರೆಲ್ಲ ಚಹಾ ಕುಡಿಯುತ್ತ ಬೊಂಬಾಯಿಯ ಶೇರು ಪೇಟೆಯ ಮಾತಾಡುವ ಕಾಲ ಅದು. ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಸೇಟರು ಥಾನುಗಳ ಹಿಂದೆ ಒಂದು ಸ್ಲೇಟು ತೂಗುಹಾಕಿ, ಸಂಜೆ ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿ, ಶೇರುಗಳ ಬೆಲೆಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅವರ ಹತ್ತಿರ ತೇಜಿ-ಮಂದಿ, ಅಂದರೆ ಬೆಲೆಯ ಏರಿಳಿತದ ಮೇಲಿನ ಜೂಜು, ನಡೆಯುತ್ತಿತ್ತು. ಸರಕಾರದ ಲೆಕ್ಕದಲ್ಲಿ ಇಲ್ಲದ ವ್ಯವಹಾರ, ಎಲ್ಲ ಬಾಯಿಮಾತು.

ಅದೇನೂ ದೊಡ್ಡ ವಿದ್ಯೆಯಲ್ಲ. ಒಂದು ಶೇರಿನ ಬೆಲೆ ಏರುತ್ತದೆ ಅನ್ನಿಸಿದರೆ ತೇಜಿ ಕೊಳ್ಳುವುದು. ಈಗ ಸ್ವಲ್ಪ ಹಣ ಕೊಟ್ಟರೆ, ವಾಯಿದೆ ದಿನ ಬಂದಾಗ ಆ ಶೇರನ್ನು ಇವತ್ತಿನ ಬೆಲೆಗೇ ಕೇಳುವ ಹಕ್ಕು ನಿಮ್ಮದು. ಏರಿದ್ದರೆ ಹೋಗಿ ಕೇಳಿ, ಏರಿದಷ್ಟು ಲಾಭ ಜೇಬಿಗೆ. ಇಳಿದಿದ್ದರೆ ಬಾಯಿ ಮುಚ್ಚಿಕೊಂಡು ಮನೆಯಲ್ಲಿರಿ, ಕೊಟ್ಟದ್ದು ಹೋಯಿತು ಅಷ್ಟೆ. ಕೊಂಡವನು ಕೇಳಬಹುದು, ಕೇಳಲೇಬೇಕೆಂದಿಲ್ಲ. ಮಾರಿದವನ ಪಾಡು ಬೇರೆ. ಅವನು ಕೊಂಡವನ ಹಣ ತಿಂದು ಕೂತಿರುತ್ತಾನೆ. ಬೆಲೆ ಎಷ್ಟು ಏರಿದರೂ ಅಷ್ಟನ್ನು ತನ್ನ ಕೈಯಿಂದ ತುಂಬಿಕೊಡಬೇಕು. ಬೆಲೆ ಇಳಿಯುತ್ತದೆಂಬ ಧೈರ್ಯ ಇದ್ದವನು ಮಾತ್ರ ತೇಜಿ ಮಾರುತ್ತಾನೆ.

ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಹೇಳಲು ಬೊಂಬಾಯಿಯಲ್ಲಿ ಒಂದು ಸಲಹಾ ಸಂಸ್ಥೆ ಇತ್ತು. ವರ್ಷದ ಚಂದಾ ಕಟ್ಟಿದರೆ ವಾರಕ್ಕೊಂದು ಕಾರ್ಡು ಕಳಿಸುತ್ತಿದ್ದರು. ಟೈಪು ಮಾಡಿದ ಎರಡೇ ಸಾಲು. ಊರಿಗೆಲ್ಲ ಚಂದಾದಾರ ನಾನೊಬ್ಬನೇ. ಆದರೆ ಓದುಗರು ಇಡೀ ಬಜಾರು! ಕಾರ್ಡಿಗೆ ಮುಚ್ಚಳವಿಲ್ಲವಲ್ಲ. ಪೋಸ್ಟ್‌ಮ್ಯಾನು ಮೊದಲು ಓದಿ, ಆಮೇಲೆ ನನ್ನ ಅಂಗಡಿ ಎದುರಿನ ಹೋಟೆಲ್ಲಿನಲ್ಲಿ ಕೂತು ಗಟ್ಟಿಯಾಗಿ ಓದಿ, ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದವರ ಕೈಯಿಂದ ಕೈಗೆ ದಾಟಿಸುತ್ತಿದ್ದ. ನನಗೆ ತಲುಪುವ ಹೊತ್ತಿಗೆ ಅದರ ಮೇಲೆ ಎಣ್ಣೆಯ ಬೆರಳುಗಳು ಮೂಡಿರುತ್ತಿದ್ದವು.

"ಮಿಸ್ತ್ರಿಯವರ, ಈ ವಾರ ಸಿಮೆಂಟು ತೇಜಿ ಐತ್ರಿ," ಎಂದು ಪೋಸ್ಟ್‌ಮ್ಯಾನು ದೂರದಿಂದಲೇ ಕೂಗುತ್ತಿದ್ದ.

"ರೊಕ್ಕ ನಂದು, ಸುದ್ದಿ ನಿಂದೇನು?"

"ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಗ ಓದೋ ತ್ರಾಸ ತಪ್ಪಿಸೀನಿ."

ಇವರಿಗೆ ಒಂದು ಪಾಠ ಕಲಿಸಬೇಕೆಂದು ನಿರ್ಧರಿಸಿದೆ. ಸಂಸ್ಥೆಗೆ ಪತ್ರ ಬರೆದು, ಇನ್ನು ಮೇಲೆ ಸಲಹೆಯನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಿ ಎಂದೆ. ಇತ್ತ ಕೋರ್ಟಿನ ಪಕ್ಕದ ಟೈಪಿಸ್ಟನಿಗೆ ಒಂದು ಕಾರ್ಡು ಕೊಟ್ಟು, ಥೇಟು ಅವರ ಮಾದರಿಯಲ್ಲಿ ಒಂದು ಬಟ್ಟೆ ಮಿಲ್ಲಿನ ಶೇರಿನ ಬಗ್ಗೆ ಹೊಡೆಸಿದೆ: ‘ಬೆಲೆ ಖಂಡಿತ ಇಳಿಯುತ್ತದೆ. ತೇಜಿ ಮಾರಿ.’ ಬೊಂಬಾಯಿಗೆ ಬಾಳೆಕಾಯಿ ಒಯ್ಯುವ ಲಾರಿ ಡ್ರೈವರನ ಕೈಗೆ ಕೊಟ್ಟು, ಅಲ್ಲಿಂದಲೇ ಡಬ್ಬಿಗೆ ಹಾಕಿಸಿದೆ. ಅಂಚೆಯ ಮುದ್ರೆ ಅಸಲಿ, ಕಾರ್ಡು ನಕಲಿ. ಈ ಕೆಲಸಕ್ಕೆ ಬೇರೆ ಊರಿನಲ್ಲಾಗಿದ್ದರೆ ನನಗೆ ಸನ್ಮಾನ ಮಾಡುತ್ತಿದ್ದರು.

ಕಾರ್ಡು ಬಂತು. ಹೋಟೆಲ್ಲು ಓದಿತು, ಮಿರ್ಚಿ ಎಣ್ಣೆ ಹತ್ತಿತು, ಎಲ್ಲರೂ ತಲೆಯಾಡಿಸಿದರು. ಎರಡು ದಿನ ಬಿಟ್ಟು ಅಸಲಿ ಲಕೋಟೆ ಬಂತು. ಅದರೊಳಗೂ ಅದೇ ಮಿಲ್ಲಿನ ಮಾತು! ಆದರೆ ಪೂರಾ ಉಲ್ಟಾ: ‘ಏರುತ್ತದೆ. ತೇಜಿ ಕೊಳ್ಳಿ.’ ಕುಣಿದಾಡಿಬಿಟ್ಟೆ. ನೇರ ಸೇಟರ ಅಂಗಡಿಗೆ ಹೋಗಿ ಆ ಶೇರಿನ ತೇಜಿ ಕೊಂಡೆ. ಮಾರುವವರು ಇದ್ದಾರೆಯೇ ಎಂದು ಕೇಳಿದ್ದಕ್ಕೆ ಸೇಟರು, "ಇವತ್ತ ಮುಂಜಾನೆ ಒಬ್ಬರು ಮಾರ್‍ಯಾರ. ಹೆಸರು ಕೇಳಬಾರದು, ಹೇಳಬಾರದು, ಅದು ನಮ್ಮ ಧಂದೆ ನಿಯಮ," ಎಂದರು. ಮಾರಿದವನು ಬೊಂಬಾಯಿ ಕಡೆಯ ಯಾವನೋ ಇರಬೇಕು, ಅವನ ಹೆಸರು ಕಟ್ಟಿಕೊಂಡು ನನಗೇನು? ಷೋರೂಮಿನಲ್ಲಿ ನಿಂತಿದ್ದ ಒಂದು ಕೆಂಪು ಮೋಟಾರ್ ಸೈಕಲ್ಲಿನ ಸೀಟನ್ನು ಆಗಲೇ ಎರಡು ಸಲ ಸವರಿ ಬಂದಿದ್ದೆ.

ಹೋಟೆಲ್ಲಿನವರೆಲ್ಲ ಮಾತಿನ ಮಲ್ಲರು, ಒಬ್ಬರೂ ಪೈಸೆ ಬಿಚ್ಚುವವರಲ್ಲ ಎಂಬುದು ನನ್ನ ಧೈರ್ಯ. ಒಬ್ಬನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ನನ್ನ ಹೆಂಡತಿಯ ತಮ್ಮ.

ನನ್ನ ಈ ಭಾಮೈದ ಯಶವಂತನಗರದಲ್ಲಿ ಅದಿರು ಲಾರಿಗಳ ತೂಕ ಬರೆಯುವ ಗುಮಾಸ್ತ. ಕಂಪನಿ ಕ್ವಾರ್ಟರ್ಸಿನಲ್ಲಿ ಸಂಸಾರ. ಅಲ್ಲಿಯ ಧೂಳು ಎಂಥದೆಂದರೆ, ಅವನ ಹೆಂಡತಿ ಬಿಳಿ ಬನಿಯನ್ ಒಗೆದು ಹಾಕಿದರೆ ಒಣಗುವಷ್ಟರಲ್ಲಿ ಇಟ್ಟಿಗೆ ಬಣ್ಣ. "ಬಿಳೀದು ಬಿಳೀ ಆಗೇ ಒಣಗೋ ಮನಿ ಒಂದು ಕಟ್ಟಿಸ್ರಿ ಸಾಕು," ಎನ್ನುವುದು ಆಕೆಯ ಒಂದೇ ಬೇಡಿಕೆ. ಆ ಒಂದು ಮಾತಿಗಾಗಿ ಅವನು ಹೊಸಪೇಟೆಯ ಕಾಲುವೆ ಪಕ್ಕ ಒಂದು ಸೈಟು ಕೊಂಡಿದ್ದ. ನನ್ನ ಕಾರ್ಡು ಬಂದ ದಿನ ಅದರ ಕೆಲಸಕ್ಕೆಂದೇ ಊರಿಗೆ ಬಂದು, ಹೋಟೆಲ್ಲಿನ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದನಂತೆ.

ವಾರ ಕಳೆದ ಮೇಲೆ ನನ್ನ ಹೆಂಡತಿಯ ಬಾಯಿಂದ ಸುದ್ದಿ ಬಂತು.

"ನನ್ ತಮ್ಮ ಯಾವುದೋ ತೇಜಿ ಮಾರ್‍ಯಾನಂತ್ರಿ. ಮನಿಗೆ ಹೋಗಿ ಸೈಟಿನ ಕಾಗದ ತಂದು ಸೇಟರ ಹತ್ರ ಅಡ ಇಟ್ಟಾನಂತ. ನಿಮ್ ಕಾರ್ಡು ನೋಡೇ ಮಾಡ್ಯಾನಂತ. ಕಾರ್ಡು ಖರೇ ಇರ್ತಾವಲ್ರಿ?"

ಎತ್ತಿದ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟೆ. ಆಕೆ ನೀರಿನ ತಂಬಿಗೆ ಮುಂದೆ ಸರಿಸಿ, ನನ್ನ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷದ ಸಂಸಾರ, ಹೆಚ್ಚಿಗೆ ಹೇಳಬೇಕಾಗಲಿಲ್ಲ.

"ಆ ಕಾರ್ಡು ನೀವ ಬರ್ಸಿದ್ದಾ?"

"ಟೈಪು ಹೊಡ್ಸಿದ್ದೆ."

"ನಾಚ್ಕಿ ಆಗಂಗಿಲ್ಲೇನ್ರಿ! ನಾಳೆ ಮೊದಲ ಬಸ್ಸಿಗೆ ಹೋಗ್ರಿ. ಅವಂಗ ಖರೇ ಹೇಳ್ರಿ."

ಹೋದೆ. ಸಂಡೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ನಿಂತುಕೊಂಡು. ತೂಕದ ಕಟ್ಟೆಯ ಹತ್ತಿರ ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಲಾರಿಗಳ ನಂಬರು ಬರೆಯುತ್ತಿದ್ದ. ಪಕ್ಕಕ್ಕೆ ಕರೆದು, ಕಾರ್ಡು ನಕಲಿ, ಹೊಡೆಸಿದವನು ನಾನು, ಸೇಟರ ಕಾಲಿಗೆ ಬಿದ್ದಾದರೂ ಮಾರಿದ್ದನ್ನು ಬಿಡಿಸಿಕೋ ಎಂದೆ. ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಾವ, ಬೋಳುತಲೆ ಸಾಲಿನಾಗ ನಮ್ಮಪ್ಪನ್ನೂ ನಿಂದ್ರಿಸಿದವ್ರು ನೀವು. ಈಗ ನನ್ನ ಪಾಳಿ ಏನು? ನಾನು ಹೆದರಿ ಸೇಟರ ಹತ್ರ ಓಡ್ಬೇಕು, ಬಜಾರೆಲ್ಲ ನಗ್ಬೇಕು, ಅಲ್ಲ?"

"ಲೇ, ದೇವರಾಣೆ!"

"ಹೋದ ವರ್ಷ ನಮ್ಮಪ್ಪನ ತಂತಿ ಬಂದೈತಿ ಅಂತ ಸುಳ್ಳು ಹೇಳ್ದಾಗ್ಲೂ ದೇವರಾಣೆ ಹಾಕಿದ್ರಿ."

"ಇದು ಖರೇ ಐತೋ!"

"ಮುದ್ರಿ ನಾನೇ ನೋಡೀನಿ ಮಾವ. ಬೊಂಬಾಯಿ ಮುದ್ರಿ. ನೀವು ಅಷ್ಟೊಂದು ಶ್ಯಾಣೇರಿಲ್ಲ ಬಿಡ್ರಿ."

ಅಲ್ಲಿ ನಿಂತು ನನ್ನ ಜಾಣತನವನ್ನು ನಾನೇ ಸಾಬೀತು ಮಾಡಬೇಕಾದ ಗತಿ. ಲಾರಿ ಡ್ರೈವರನ ಕತೆ ಹೇಳಿದೆ. ಇನ್ನೂ ಜೋರಾಗಿ ನಕ್ಕ. ಉಳಿದ ಗುಮಾಸ್ತರನ್ನೂ ಕರೆದು ನನ್ನನ್ನು ತೋರಿಸಿದ. ಅವನ ಹೆಂಡತಿ ಕ್ವಾರ್ಟರ್ಸಿನಲ್ಲಿ ಚಹಾ ಕೊಡುವಾಗ ತಂತಿಯ ಮೇಲಿನ ಕೆಂಪು ಬನಿಯನ್ನುಗಳನ್ನು ತೋರಿಸಿ, "ಇನ್ನೊಂದು ವರ್ಷ ಅಣ್ಣಾ, ಅಷ್ಟ," ಎಂದಳು. ಅರ್ಧ ಕಪ್ಪು ಅಲ್ಲೇ ಬಿಟ್ಟು ಬಸ್ಸಿಗೆ ಎದ್ದೆ.

ಅಲ್ಲಿಂದ ವಾಯಿದೆ ದಿನದವರೆಗೆ ನನ್ನ ಪಾಡು ಕೇಳಬೇಡಿ. ಪ್ರತಿ ಸಂಜೆ ಸೇಟರ ಸ್ಲೇಟಿನ ಮುಂದೆ ನಿಲ್ಲುತ್ತಿದ್ದೆ. ವರ್ಷವಿಡೀ ಸುಳ್ಳು ಹೇಳಿದ್ದ ಆ ದರಿದ್ರ ಸಂಸ್ಥೆ ಇದೊಂದು ಸಲ ನಿಜ ಹೇಳಿಬಿಟ್ಟಿತ್ತು! ಮಿಲ್ಲಿನ ಬೆಲೆ ಏರಿತು, ಮರುದಿನ ಮತ್ತೆ ಏರಿತು. ನನ್ನ ಒಂದು ಕಣ್ಣಿಗೆ ಕೆಂಪು ಮೋಟಾರ್ ಸೈಕಲ್ಲು ಹತ್ತಿರ ಬರುವುದು ಕಾಣುತ್ತಿತ್ತು, ಇನ್ನೊಂದು ಕಣ್ಣಿಗೆ ಕಾಲುವೆ ಪಕ್ಕದ ಸೈಟು ದೂರ ಹೋಗುವುದು. ಇಳಿಯಲಿ ಎಂದು ಬೇಡಿಕೊಂಡರೆ ನನ್ನ ದುಡ್ಡು ಹೋಗುತ್ತದೆ, ಏರಲಿ ಎಂದರೆ ಅವನ ಮನೆ ಹೋಗುತ್ತದೆ. ಯಾವ ದೇವರಿಗೆ ಏನು ಅಂತ ಕೈ ಮುಗಿಯುವುದು? ಒಂದು ವೈಂಡಿಂಗು ಸರಿಯಾಗಲಿಲ್ಲ. ರಿಪೇರಿ ಆಗಿ ಹೋದ ಮೋಟಾರು ಎರಡೇ ದಿನಕ್ಕೆ ಕಂಪ್ಲಿಯಿಂದ ವಾಪಸು ಬಂತು. ಹೆಂಡತಿ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ವಾಯಿದೆಗೆ ಒಂದು ದಿನ ಮೊದಲು ನಾನೇ ಸೋತೆ. ಮೋಟಾರ್ ಸೈಕಲ್ಲಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ ಸೇಟರ ಅಂಗಡಿಗೆ ಹೋದೆ. ಅವರು ಗಾದಿಯ ಮೇಲೆ ಕೂತು ಸೀರೆ ಮಡಚುತ್ತಿದ್ದರು.

"ಸೇಟ್‌ಜಿ, ನಂಗೇನು ಲಾಭ ಬರ್ತದೋ ಅದನ್ನ ನನ್ ಭಾಮೈದನ ನಷ್ಟಕ್ಕ ಹಾಕ್ರಿ. ಕಡಿಮಿ ಬಿದ್ರ ನಾನು ಕೂಡಿಸ್ತೀನಿ. ಆದ್ರ ಯಾರ ಕೊಟ್ರಂತ ಅವಂಗ ಗೊತ್ತಾಗಬಾರದು."

ಸೇಟರು ಮಡಚುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾರಾಟದ ಸೀರೆ!

"ಅರೇ ಮಿಸ್ತ್ರಿ, ಎಲ್ಲಿಂದ ತೆಗ್ದು ಎಲ್ಲಿಗೆ ಹಾಕ್ಲಿ? ಆ ದಿನ ಮಾರಿದವ್ರು ಅವರೊಬ್ರೇ, ತಗೊಂಡವ್ರು ನೀವೊಬ್ರೇ. ನಿಮ್ಮ ಲಾಭ ಅಂದ್ರ ಅದೇ ಅವರ ನಷ್ಟ!"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಇಡೀ ಬೊಂಬಾಯಿ ಪೇಟೆಯ ಜೊತೆ ಜೂಜಾಡುತ್ತಿದ್ದೇನೆ ಎಂದುಕೊಂಡಿದ್ದವನು ನನ್ನ ಹೆಂಡತಿಯ ತವರಿನ ಜೊತೆ ಆಡುತ್ತಿದ್ದೆ. ನಾನು ಕೊಟ್ಟ ಹಣ, ಸೇಟರ ದಲಾಲಿ ಕಳೆದು, ಆಗಲೇ ಅವನ ಜೇಬು ಸೇರಿತ್ತು.

"ಹಂಗಾರ ನಾ ನಾಳೆ ಕೇಳಾಕ ಬರದಿದ್ರ?"

"ಬರದಿದ್ರ ಮುಗೀತು. ತೇಜಿ ಸತ್ತು ಹೋಯ್ತು. ಅವರ ಕಾಗದ ಅವರಿಗೆ."

"ಅಷ್ಟೇನಾ?"

"ಅಷ್ಟೇ. ಆದ್ರ ಯೋಚ್ನೆ ಮಾಡ್ರಿ, ಭಾಳ ಏರ್‍ಯದ."

ಯೋಚನೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಷೋರೂಮಿನ ಮುಂದಿನಿಂದ ಹಾಯ್ದು ಬರುವಾಗ ಕತ್ತು ಅತ್ತ ತಿರುಗಿತು. ಆದರೆ ಎದೆಯ ಮೇಲಿಂದ ಯಾರೋ ಪಂಪಿನ ಮೋಟಾರು ಇಳಿಸಿದ ಹಾಗಾಗಿತ್ತು. ಮರುದಿನ ಅಂಗಡಿಗೆ ಬೀಗ ಹಾಕಿ, ಹೆಂಡತಿಯನ್ನು ಕರೆದುಕೊಂಡು ಹಂಪಿಗೆ ಹೋಗಿಬಿಟ್ಟೆ. ಊರಲ್ಲಿದ್ದರೆ ಕಾಲು ತಾನಾಗಿ ಸೇಟರ ಕಡೆ ನಡೆದರೆ ಏನು ಗತಿ? ಹೊಳೆ ದಡದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಆಕೆ ತಿಂಗಳ ನಂತರ ಮೊದಲ ಸಲ ನಕ್ಕು, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಟ್ಟಳು. ಸೂರ್ಯ ಮುಳುಗಿದಾಗ ನನ್ನ ತೇಜಿಯೂ ಮುಳುಗಿತು. ಅಷ್ಟು ಹಣ ಕಳೆದುಕೊಂಡು ಅಷ್ಟು ಹಗುರಾಗಿ ನಾನೆಂದೂ ಮನೆಗೆ ಬಂದಿಲ್ಲ.

ಮನೆ ಎದ್ದಿತು. ನನ್ನ ದುಡ್ಡಿನಿಂದ ಅವನು ತೇಗದ ಬಾಗಿಲ ಚೌಕಟ್ಟು ಮಾಡಿಸಿದ. ಗೃಹಪ್ರವೇಶದ ದಿನ ಅದಕ್ಕೆ ಒರಗಿ ನಿಂತು ಬಂದವರಿಗೆಲ್ಲ ಕತೆ ಹೇಳಿದ್ದೇ ಹೇಳಿದ್ದು:

"ಬೆಲೆ ಹಿಂಗ ಏರಿತ್ತು ನೋಡ್ರಿ, ನನ್ನ ಜೀವ ಬಾಯಿಗೆ ಬಂದಿತ್ತು. ಆದ್ರ ಕೊಂಡವ ಕೇಳಾಕ ಬರ್ಲೇ ಇಲ್ಲ! ಎಂಥಾ ದಡ್ಡ ಇರ್ಬೇಕ್ರಿ ಅವ!"

"ಪೂರಾ ದಡ್ಡ," ಎಂದಳು ನನ್ನ ಹೆಂಡತಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ.

ಆ ವರ್ಷದ ಕೊನೆಗೆ ಚಂದಾ ನಿಲ್ಲಿಸಿದೆ. ಹೋಟೆಲ್ಲಿನವರು ಮಾತ್ರ ಬಹಳ ದಿನ ಬೇಜಾರು ಮಾಡಿಕೊಂಡರು. ಓದಲು ಏನೂ ಇಲ್ಲದೆ ಮಿರ್ಚಿ ರುಚಿಸುವುದಿಲ್ಲವಂತೆ.

ಊರಿಗೆಲ್ಲ ನನ್ನ ಕುಚೇಷ್ಟೆಗಳು ಗೊತ್ತು. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಇಷ್ಟು ವರ್ಷ ಕೊಚ್ಚಿಕೊಳ್ಳಲಾಗಲಿಲ್ಲ. ಕೊಚ್ಚಿಕೊಳ್ಳದೆ ಬದುಕುವುದು ನನ್ನಂಥವನಿಗೆ ಉಪವಾಸವಿದ್ದಂತೆ. ಅದಕ್ಕೇ ಈಗ ಬರೆದಿದ್ದೇನೆ. ಮೊನ್ನೆ ಇದನ್ನು ಅವನಿಗೇ ಓದಿ ತೋರಿಸಿದೆ. ಕೊನೆಯವರೆಗೂ ಕೇಳಿ, ತೇಗದ ಚೌಕಟ್ಟಿಗೆ ಒರಗಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಕ್ಕ.

"ಮಾವ, ಈ ವಯಸ್ಸಿನಾಗೂ ಬಿಡಂಗಿಲ್ಲ ನೋಡ್ರಿ ನೀವು."

ನಾನೂ ನಂಬಿಸಲು ಹೋಗಲಿಲ್ಲ. ಮಾಳಿಗೆಯ ಮೇಲೆ ಅವನ ಬನಿಯನ್ನುಗಳು ಒಣಗುತ್ತಿದ್ದವು, ಹಾಲಿನ ಹಾಗೆ ಬೆಳ್ಳಗೆ.